ಬಾದಾಮಿಯ ನಡಿಗೆ

ಬಾದಾಮಿ ಮತ್ತೆ ನಿಂತುಬಿಟ್ಟಿತು. ಅದೂ ನಟ್ಟನಡು ರಸ್ತೆಯಲ್ಲಿ, ಬೆನ್ನ ಮೇಲೆ ಪೇಟ ಸುತ್ತಿದ ಮದುಮಗ ಕೂತಿರುವಾಗ. ವಾಲಗದವರು ಆಗಲೇ ಪೆಟ್ರೋಲ್ ಬಂಕ್ ದಾಟಿದ್ದರು, ನೆಂಟರಿಷ್ಟರು ಅವರ ಬೆನ್ನಿಗೆ. ಮೆರವಣಿಗೆಯ ಮುಂದೆ ಕುಣಿಯುತ್ತ ಹೋಗಬೇಕಾದ ಕುದುರೆ ಎಲ್ಲರನ್ನೂ ಮುಂದೆ ಬಿಟ್ಟು, ಕತ್ತು ಹಿಂದಕ್ಕೆ ತಿರುಗಿಸಿಕೊಂಡು ನಿಂತಿತ್ತು. ಅಕ್ರಮ್ ಲಗಾಮು ಜಗ್ಗಿದ, ಗದರಿದ, ಜೇಬಿನಿಂದ ಬೆಲ್ಲದ ಚೂರು ತೆಗೆದು ಮೂಗಿಗೆ ಹಿಡಿದ. ಊಹೂಂ, ಜಪ್ಪಯ್ಯ ಅನ್ನಲಿಲ್ಲ.

ಅಕ್ರಮ್‌ನದು ಚನ್ನಪಟ್ಟಣದಲ್ಲಿ ಮದುವೆಗೆ ಕುದುರೆ ಕೊಡುವ ಕಸುಬು, ಅಪ್ಪನ ಕಾಲದಿಂದ ಬಂದದ್ದು. ಬಿಳಿ ಕುದುರೆ ಸತ್ತ ಮೇಲೆ, ಸಾತನೂರಿನ ಹತ್ತಿರ ಬೀಡುಬಿಟ್ಟಿದ್ದ ಬಡಗಣ ಸೀಮೆಯ ಕುರಿಗಾಹಿಗಳಿಂದ ಈ ಕಂದು ಬಣ್ಣದ ತಟ್ಟು ಕುದುರೆಯನ್ನು ತಂದಿದ್ದ. ಭೀಮಾ ನದಿಯ ಕಡೆಯ ತಳಿ. ಎದೆಮಟ್ಟ ಎತ್ತರ, ದುಂಡು ಹೊಟ್ಟೆ, ಗಟ್ಟಿ ಗೊರಸು. ಒಣಹುಲ್ಲು ಹಾಕಿದರೂ ಸಂತೋಷ, ಪಟಾಕಿ ಹೊಡೆದರೂ ಬೆಚ್ಚುವುದಿಲ್ಲ. ತರುವ ದಿನ ಅಕ್ರಮ್ ಅಪ್ಪ ಕಲಿಸಿದಂತೆ ಹಲ್ಲು ನೋಡಿದ, ಗೊರಸು ನೋಡಿದ, ಹಣೆಯ ಸುಳಿ ಎದೆಯ ಸುಳಿ ಎಲ್ಲ ತಡವಿ ನೋಡಿದ. ಇಷ್ಟು ದಿನ ಇದು ಏನು ಕೆಲಸ ಮಾಡಿಕೊಂಡಿತ್ತು ಅಂತ ಕೇಳುವುದು ಮಾತ್ರ ಆ ಮಹಾರಾಯನಿಗೆ ಹೊಳೆಯಲಿಲ್ಲ.

ಅದರ ಫಲ ಉಣ್ಣುತ್ತಲೇ ಇದ್ದ. ಬಿಡದಿ ಊರಿನಲ್ಲಿ ಒಬ್ಬ ಮದುಮಗ ಎಲ್ಲರಿಗಿಂತ ಕೊನೆಗೆ ಛತ್ರ ತಲುಪಿದ. ಮಾಗಡಿಯಲ್ಲಿ ಹುಡುಗರು ಸೀಟಿ ಹೊಡೆದರು. ಸಾಕಪ್ಪ ಸಾಕು, ಇದೇ ಕೊನೆಯ ಮದುವೆ ಅಂತ ದಲ್ಲಾಳಿ ಸಾಬೀರ್‌ಗೆ ಹೇಳಿಯೂ ಬಿಟ್ಟಿದ್ದ. ಸಂಜೆ ಕುದುರೆಯನ್ನು ಕೊಂಡೊಯ್ಯಲು ಛತ್ರದ ಹತ್ತಿರಕ್ಕೇ ಅವನ ಟೆಂಪೋ ಬರುವುದಿತ್ತು.

ಬೆಳಿಗ್ಗೆ ಬಾದಾಮಿಯ ಜೂಲು ಬಾಚಿ ಮಣಿ ಕಟ್ಟುತ್ತಿದ್ದ ಹೆಂಡತಿ ಯಾಸ್ಮಿನ್ ತಲೆ ಎತ್ತದೆ ಹೇಳಿದ್ದಳು: "ಮಾರ್ಬೇಡ್ರೀ. ನನ್ ಜೊತೆ ನಡೆಯೋದು ಇದೊಂದೇ."

ಚಿಕುನ್‌ಗುನ್ಯಾ ಬಂದುಹೋದಾಗಿನಿಂದ ಯಾಸ್ಮಿನ್‌ಗೆ ಒಂದು ಕಾಲು ಸರಿಯಾಗಿ ಬಾರದು. ಮಾರ್ಕೆಟ್ಟಿಗಾಗಲಿ ಆಸ್ಪತ್ರೆಗಾಗಲಿ ಅಕ್ರಮ್ ದಾಪುಗಾಲು ಹಾಕಿಕೊಂಡು ಓಣಿಯ ತುದಿ ಮುಟ್ಟಿ, ಅಲ್ಲಿಂದ ಬೇಗ ಬಾರೇ ಅಂತ ಕೂಗುವುದೇ ವಾಡಿಕೆ. ಕೆಟ್ಟವನಲ್ಲ, ಅವನ ಕಾಲಿನ ಅಭ್ಯಾಸ ಅದು. ಕೆರೆಯ ಕಡೆ ಮೇಯಲು ಬಿಟ್ಟಾಗ ಬಾದಾಮಿ ಮಾತ್ರ ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತಿತ್ತು. ಹೊಟ್ಟೆಪಾಡು ನೋಡಬೇಡವೇ ಅಂತ ಅಕ್ರಮ್ ಗೊಣಗಿ ಹೊರಟುಬಂದಿದ್ದ. ಬಂದಾಗಿನಿಂದ ಅವಳ ಆ ಮಾತು ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಈಗ ಬಾದಾಮಿ ಗರ್ರನೆ ತಿರುಗಿ ಬಂದ ದಾರಿಯಲ್ಲೇ ವಾಪಸು ಹೊರಟಿತು. ಮದುಮಗ ಅನಂತರಾಜು ಜೂಲು ಹಿಡಿದುಕೊಂಡು, ಇದೇನು ಸಾಬ್ರೇ, ಮದುವೆ ಬೇಡ ಅಂತದಾ ನಿಮ್ಮ ಕುದುರೆ ಅಂತ ರೇಗಿದ. ಅಕ್ರಮ್‌ಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಾದಾಮಿ ಹೋಗಿ ನಿಂತದ್ದು ಮುಚ್ಚಿದ್ದ ಒಂದು ಗೊಂಬೆ ಅಂಗಡಿಯ ಎದುರು. ಅದರ ಮೆಟ್ಟಿಲ ಮೇಲೆ, ರೇಷ್ಮೆ ಸೀರೆ ಉಟ್ಟ ಮುದುಕಿಯೊಬ್ಬಳು ಮಂಡಿ ನೀವಿಕೊಳ್ಳುತ್ತ ಒಬ್ಬಳೇ ಕೂತಿದ್ದಳು. ಅನಂತರಾಜುವಿನ ಅಜ್ಜಿ, ಮುನಿರತ್ನಮ್ಮ. ಅಷ್ಟು ಜನ ನೆಂಟರಲ್ಲಿ ಒಬ್ಬರೂ ಆಕೆ ಹಿಂದೆ ಉಳಿದದ್ದನ್ನು ನೋಡಿರಲಿಲ್ಲ.

ಅನಂತರಾಜು ಧಡಕ್ಕನೆ ಇಳಿದ. ಕೂಗಬಾರದಿತ್ತೇ ಅಂತ ಕೇಳಿದ್ದಕ್ಕೆ, ವಾಲಗದ ಗಲಾಟೆಯಲ್ಲಿ ನನ್ನ ದನಿ ಯಾರಿಗೆ ಕೇಳೀತು ಅಂದಳು ಮುದುಕಿ. ಆಮೇಲೆ ಬಾದಾಮಿಯ ಮೂತಿ ಸವರಿದಳು.

"ನಮ್ ಹೊಲಕ್ಕೆ ವರ್ಸಾ ವರ್ಸಾ ಕುರಿ ಮಂದೆ ತತ್ತಾರಲ್ಲ, ಅವರ ತಟ್ಟು ಇದು. ಮಂದೆ ಹಿಂದ್ಗಡೆನೇ ಇದರ ಜಾಗ. ಕುಂಟೋ ಮರಿನೆಲ್ಲ ಬೆನ್ ಮ್ಯಾಲೆ ಹೊತ್ಕಂಡು ಬತ್ತದೆ. ಒಂದು ಮರಿ ಹಿಂದೆ ಉಳ್ಕಂಡ್ರೂ ಮುಂದಕ್ಕೆ ಎಜ್ಜೆ ಇಡಾಕಿಲ್ಲ. ಇದರ ಗುಣ ಕಣಪ್ಪ ಅದು, ಬಯ್ಬ್ಯಾಡ."

ಅಕ್ರಮ್‌ನ ಕಣ್ಣ ಮುಂದೆ ಇದ್ದದ್ದು ತಮ್ಮ ಓಣಿ, ಅದರ ನಡುವೆ ಗೋಡೆ ಹಿಡಿದುಕೊಂಡು ಬರುವ ಯಾಸ್ಮಿನ್. ಜಗ್ಗಿ ಹಿಡಿದಿದ್ದ ಲಗಾಮು ಸಡಿಲಿಸಿದ.

ಅಜ್ಜಿಯನ್ನು ಮೊಮ್ಮಗನೇ ಎತ್ತಿ ಕುದುರೆಯ ಮೇಲೆ ಕೂರಿಸಿದ. ಬಾದಾಮಿ ಈಗ ಯಾರೂ ಹೇಳದೆಯೇ ಹೊರಟಿತು. ಮದುಮಗ ಪಕ್ಕದಲ್ಲಿ ನಡೆದ. ಬಂಕಿನ ಹತ್ತಿರ ಕಾಯುತ್ತಿದ್ದ ನೆಂಟರು ಮೊದಲು ನಕ್ಕರು, ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಛತ್ರದ ಬಾಗಿಲಲ್ಲಿ ಆರತಿ ಹಿಡಿದಿದ್ದ ಹೆಂಗಸರು ಅಜ್ಜಿಗೂ ಎತ್ತಿದರು, ಬಾದಾಮಿಗೂ ಎತ್ತಿದರು.

ಸಾಬೀರ್‌ನ ಟೆಂಪೋ ಹಲಗೆ ಇಳಿಬಿಟ್ಟುಕೊಂಡು ಕಾಯುತ್ತಿತ್ತು. ಕೊಡುವುದಿಲ್ಲ ಅಂದ ಅಕ್ರಮ್.

"ತಲೆ ಕೆಟ್ಟೈತೇನ್ಲಾ? ಹಿಂದೆ ಉಳ್ಕೊಳೋ ಕುದ್ರೆನ ಮದುವೆಗೆ ಯಾರ್ ಕರೀತಾರೆ?"

"ಮದುವೇಲಿ ಅಜ್ಜೀರೂ ಇರ್ತಾರೆ ಕಣ್ಲಾ," ಅಂದ ಅಕ್ರಮ್.

ದೀಪ ಹೊತ್ತಿಸುವ ಹೊತ್ತಿಗೆ ಓಣಿಯ ತುದಿಯಲ್ಲಿ ಯಾಸ್ಮಿನ್ ನಿಂತಿದ್ದಳು. ಬರಿಯ ಲಗಾಮು ಹೊತ್ತು ಬರುವ ಗಂಡನನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದವಳು, ಗೊರಸಿನ ಸದ್ದು ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ರಮ್ ಎಂದಿನಂತೆ ಅವಳನ್ನು ದಾಟಿ ನಾಲ್ಕು ಹೆಜ್ಜೆ ಹಾಕಿದ. ಆಮೇಲೆ ನಿಂತ, ಗೋಡೆಯ ಕಡೆಗೆ ಸರಿದು ಅವಳಿಗೆ ದಾರಿ ಬಿಟ್ಟ.

ಯಾಸ್ಮಿನ್ ಒಂದು ಗಳಿಗೆ ಅವನ ಮುಖ ನೋಡಿ, ಕಾಲೆಳೆಯುತ್ತ ಮುಂದೆ ಹೊರಟಳು. ಅವಳ ಹಿಂದೆ ಅಕ್ರಮ್. ಲಗಾಮು ತನ್ನ ಬೆನ್ನ ಮೇಲೆ ಬಿದ್ದಿದ್ದ ಹಾಗೇ, ಇಬ್ಬರೂ ತಿರುವು ದಾಟುವುದನ್ನು ನೋಡಿಕೊಂಡು, ಬಾದಾಮಿ ಹೆಜ್ಜೆ ಎತ್ತಿತು.