ಉರಿಯದ ಅಂಗೈ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಮರೆವ್ವ ಅಂದರೆ ಸುಮ್ಮನೆಯೇ? ಗಂಡ ಸತ್ತ ಮೇಲೆ ಎದುರಿಗೆ ಬಂದರೆ ಅಪಶಕುನ ಅಂತ ಮುಖ ತಿರುಗಿಸುತ್ತಿದ್ದ ಹೆಂಗಸರೇ ಮಂಗಳವಾರ ಅವಳ ಕಾಲಿಗೆ ಬೀಳುತ್ತಿದ್ದರು. ದೇವಿಗೆ ಅಡ್ಡಬಿದ್ದು ಎದ್ದಳೆಂದರೆ ಮುಖ ಬಿಳಚಿ, ಮೈಯೆಲ್ಲ ಬೆವೆತು, ಎದೆ ಮಗ್ಗದಂತೆ ಬಡಿದುಕೊಳ್ಳುತ್ತಿತ್ತು. ಉರಿಯುವ ಕರ್ಪೂರವನ್ನು ಅಂಗೈಮೇಲಿಟ್ಟರೂ ರೆಪ್ಪೆ ಅಲುಗುತ್ತಿರಲಿಲ್ಲ. ಆಗ ಅವಳು ಆಡಿದ್ದೇ ದೇವಿಯ ಮಾತು.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಒಂದು ಮಂಗಳವಾರ ಅಡ್ಡಬಿದ್ದವಳು ಏಳಲೇ ಇಲ್ಲ. ಮಿರಜದಲ್ಲಿ ಡಾಕ್ಟರಾಗಿದ್ದ ಅಣ್ಣನ ಮಗ ಗುರಪ್ಪ ಬಂದು ತನ್ನ ದವಾಖಾನೆಗೆ ಕರೆದೊಯ್ದ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮಂಚದ ಪಕ್ಕ ಕೂತ.

"ಅತ್ತಿ, ಮೂತ್ರಪಿಂಡದ ಮ್ಯಾಲ ಒಂದು ಸಣ್ಣ ಗ್ರಂಥಿ ಇರತೈತಿ. ನಿನಗ ಅದರಾಗ ಗಡ್ಡಿ ಬೆಳದೈತಿ. ಅದರ ಜೀವಕೋಶದಾಗ ಕಣ್ಣಿಗೆ ಕಾಣದಂಥ ಚೀಲ ಅದಾವು. ಎದಿ ಬಡಿಸೋ ರಸಾನೂ, ಅಫೀಮಿನಂಗ ನೋವು ಮರೆಸೋ ಪದಾರ್ಥಾನೂ ಒಂದಽ ಚೀಲದಾಗ ಇರತಾವು. ನೀ ಅಡ್ಡಬಿದ್ದಾಗ ಗಡ್ಡಿ ಒತ್ತತೈತಿ, ಎರಡೂ ಕೂಡೇ ಹೊರಗ ಬರತಾವು."

"ಹಂಗಾರ ನನ್ನ ದೇವಿ?"

ಗುರಪ್ಪ ತಲೆ ತಗ್ಗಿಸಿದ. "ಅದು ನನಗ ಗೊತ್ತಿಲ್ಲ. ಕರ್ಪೂರ ಸುಡದಿದ್ದದ್ದು ಮಾತ್ರ ಇದರಿಂದಽ ಇರಬಹುದು. ಗಡ್ಡಿ ತಗೀಲಿಲ್ಲಂದ್ರ ನೀ ಉಳಿಯೂದಿಲ್ಲ."

"ಎದಿ ಬಡಿಸೋದಷ್ಟ ತಗದು ಇನ್ನೊಂದು ಬಿಡಾಕ ಬರೂದಿಲ್ಲೇನಲೇ?"

"ಒಂದಽ ಚೀಲ, ಅತ್ತಿ."

ಮರೆವ್ವ ಗೋಡೆಯ ಕಡೆ ಮುಖ ಮಾಡಿ ಅತ್ತಳು. ದೇವಿ ಹೋದರೆ ಓಣಿಯಲ್ಲಿ ಮತ್ತೆ ಅದೇ ಹಾಳು ಮುಖದವಳಾಗುವುದು. ಆದರೂ ಜೀವ ಯಾರಿಗೆ ಬೇಡ? ಆಪರೇಷನ್ನಿಗೆ ಹೆಬ್ಬೆಟ್ಟು ಒತ್ತಿದಳು.

ಮಳೆಗಾಲದ ಹೊತ್ತಿಗೆ ಮನೆಗೆ ಬಂದಳು. ಮಂಗಳವಾರ ಹೆಂಗಸರು ಎಂದಿನಂತೆ ಬಂದು ಕೂತರು. ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಡ್ಡಬಿದ್ದು ಎದ್ದಳು, ಎದೆ ತಣ್ಣಗಿತ್ತು. ದೇವಿ ಬರುತ್ತಾಳೇನೋ ಎಂಬ ಆಸೆಯಿಂದಲೇ ಕರ್ಪೂರ ಹಚ್ಚಿ ಅಂಗೈಮೇಲಿಟ್ಟಳು. ಚುರ್ ಎಂದಿತು. ಚೀರಿ ಕೊಡವಿದಳು.

ಹೆಂಗಸರು ಒಬ್ಬೊಬ್ಬರೇ ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಮಗಳನ್ನು ಮಣ್ಣಿಗಿಟ್ಟ ಮೇಲೆ ತಪ್ಪದೆ ಬಂದು, ಏನನ್ನೂ ಕೇಳದೆ ಹೋಗುತ್ತಿದ್ದ ಸಾತವ್ವ ಒಬ್ಬಳೇ ಉಳಿದಳು. ಅವಳು ಮರೆವ್ವನ ಕೈ ಹಿಡಿದು ಕೊಡದ ನೀರಿನಲ್ಲಿ ಅದ್ದಿದಳು.

"ಬಾಳ ಉರಿತೈತೇನ ಬೇ?"

"ಹೂಂ. ಬಾಳ ಉರಿತೈತಿ."

ಸಾತವ್ವ ಕೈ ಬಿಡಲಿಲ್ಲ. "ನನ್ನ ಮಗಳ ಸುದ್ದಿ ನಿನ್ನ ಮುಂದ ಹೇಳಬೇಕಂತ ಬರತಿದ್ದೆ. ಬೆಂಕಿ ಸುಡದಾಕಿಗೆ ಏನಂತ ಹೇಳಲಿ ಅಂತ ಸುಮ್ಮನ ಹೋಗತಿದ್ದೆ" ಎಂದಳು. ಮರೆವ್ವನ ಮಗ್ಗುಲಿಗೆ ಸರಿದು ಕೂತು, ಮೊದಲಿನಿಂದ ಹೇಳತೊಡಗಿದಳು.