ಎರಡನೇ ಬ್ಯಾಟರಿ

ಇಳಿಯಿತು, ಪಂಪಿನ ದನಿ ಒಂದೆಳೆ ಇಳಿಯಿತು, ಇಲ್ಲ, ರಸ್ತೆಯಲ್ಲಿ ಯಾರೋ ಕೈಗಾಡಿ ತಳ್ಳಿಕೊಂಡು ಹೋದದ್ದಿರಬೇಕು, ಅವಳು ಕೈ ನಿಲ್ಲಿಸದೆ ಕಿವಿಯನ್ನಷ್ಟೇ ಕಿಟಕಿಯ ಕಡೆ ಬಿಟ್ಟಳು, ಸರಳುಗಳ ನಡುವೆ ನುಸುಳಿ ಬಂದ ನೀಲಿ ಪೈಪು, ಆ ತುದಿಯಲ್ಲಿ ತನ್ನ ವ್ಯಾನು, ಈ ತುದಿಯಲ್ಲಿ ಅಂಗೈಯಗಲದ ಶವರು, ಶವರಿನ ಕೆಳಗೆ, ಹಾಸಿಗೆಯ ತಲೆದೆಸೆಗೆ ಊದಿಸಿಟ್ಟ ರಬ್ಬರ್ ತೊಟ್ಟಿಯಲ್ಲಿ ಅಜ್ಜಿಯ ತಲೆ, ತಲೆ ತುಂಬ ನೊರೆ — ಈಗ ಬೇಡ, ಇನ್ನೊಂದು ಸ್ವಲ್ಪ ಹೊತ್ತು ಎಳಿಯಪ್ಪ, ನಿನ್ನ ದಮ್ಮಯ್ಯ ಎಂದು ಮನಸ್ಸಿನಲ್ಲೇ ಬ್ಯಾಟರಿಗೆ ಅಂಗಲಾಚಿದಳು, ಬೀದಿಯಲ್ಲಿ ನಿಂತ ಬ್ಯಾಟರಿಗೆ ಇವಳ ಅಂಗಲಾಚಿಕೆ ಎಲ್ಲಿ ಕೇಳಬೇಕು, ಆದರೂ ಶವರಿನ ನೀರು ಒಮ್ಮೆ ಜೋರಾಗಿ ಬಂದಂತಾಗಿ, ಹಾಂ ಎನ್ನುವಷ್ಟರಲ್ಲಿ ಮತ್ತೆ ಸೊರಗಿತು. ಬೆರಳುಗಳು ತಮ್ಮ ಪಾಡಿಗೆ ಹಿಂದಲೆಯ ಗಂಟನ್ನು ಬಿಡಿಸುತ್ತಿವೆ, ಈ ವಯಸ್ಸಿನಲ್ಲೂ ಎಷ್ಟು ಕೂದಲು, ಸೊಂಟ ಮುಟ್ಟುವಷ್ಟು, ಹತ್ತಿಯಂತೆ ಬೆಳ್ಳಗೆ, ಹಾಸಿಗೆ ಹಿಡಿದ ಮೇಲೆ ನೀರು ಕಾಣದೆ ಹಿಂದೆಲ್ಲ ಒತ್ತಿಕೊಂಡು ಹಕ್ಕಿಗೂಡಾಗಿ ಹೋಗಿದೆ, ಬಂದ ಕೂಡಲೇ ಅಜ್ಜಿಯ ಸೊಸೆ ಹೇಳಿದ್ದಳು, ಕತ್ತರಿಸೋದಾದ್ರೆ ಕತ್ತರಿಸಿಬಿಡಿ ಅಕ್ಕ, ನನ್ನ ಕೈಲಿ ಆಗ್ತಿಲ್ಲ, ಮಗ್ಗಿನಲ್ಲಿ ನೀರು ಹಾಕಿದ್ರೆ ಮುಳುಗ್ತೀನಿ ಮುಳುಗ್ತೀನಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾರೆ, ಜನ ನಾನೇನೋ ಮಾಡ್ತಿದ್ದೀನಿ ಅಂದ್ಕೊಳ್ತಾರೆ. ಒಳ್ಳೆಯ ಹುಡುಗಿ, ಕಣ್ಣ ಕೆಳಗೆ ಕಪ್ಪಾಗಿದೆ, ಆಫೀಸಿಗೆ ಅರ್ಧ ದಿನ ರಜೆ ಹಾಕಿ ನಿಂತಿದ್ದಾಳೆ. ಬಾಗಿಲ ಹತ್ತಿರ ಕುರ್ಚಿಯಲ್ಲಿದ್ದ ಯಜಮಾನರು, ಅಜ್ಜಿಯ ಗಂಡ, ಸೊಸೆಯ ಕೈಯ ಕತ್ತರಿ ನೋಡಿ ಒಂದೇ ಮಾತು ಅಂದಿದ್ದರು, ಕತ್ತರಿಸೋದು ಬೇಡಮ್ಮ. ಬೇಡವೇ ಬೇಡ ಯಜಮಾನ್ರೇ, ಅದಕ್ಕೇ ಅಲ್ವಾ ನಾನು ಈ ವ್ಯಾನ್ ಕಟ್ಕೊಂಡು ಒದ್ದಾಡ್ತಿರೋದು ಎಂದಿದ್ದಳು ಇವಳು, ಎಷ್ಟು ಧೈರ್ಯವಾಗಿ ಎಂದಿದ್ದಳು — ಅಮ್ಮನ ಜಡೆ, ಪೇಪರಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟ ಅಮ್ಮನ ಜಡೆ, ಪಾರ್ಲರಿನ ಕೆಲಸ ಮುಗಿಸಿ ಮನೆಗೆ ಬಂದರೆ ದೊಡ್ಡಮ್ಮ ಬಂದು ಒಳ್ಳೆಯದಕ್ಕೇ ಕತ್ತರಿಸಿ ಹೋಗಿದ್ದಾಳೆ, ಹಾಸಿಗೆ ಹಿಡಿದವರಿಗೆ ಯಾಕೆ ಬೇಕು ಅಷ್ಟುದ್ದ, ಅಮ್ಮ ಮಾತ್ರ ಕುತ್ತಿಗೆಯ ಹಿಂದೆ ಕೈ ಹಾಕಿ ಹಾಕಿ ಹುಡುಕುತ್ತಿದ್ದಳು, ಎಲ್ಲೋ ಇಟ್ಟು ಮರೆತವಳಂತೆ, ಅದಾದ ಮೇಲೆ ತಾನೇ ಪಾರ್ಲರ್ ಬಿಟ್ಟದ್ದು, ತೊಟ್ಟಿ ಕೊಂಡದ್ದು, ಹಾಸಿಗೆ ಬಿಟ್ಟು ಏಳಲಾರದವರ ಮನೆಗೆ ಹೋಗಿ ಅವರು ಮಲಗಿದ್ದ ಹಾಗೇ ತಲೆ ತೊಳೆದುಕೊಡುತ್ತೇನೆಂದು ಹೊರಟದ್ದು.

ಈ ಸಲ ಅನುಮಾನವೇ ಇಲ್ಲ, ಪಂಪು ಜೂಂ ಎನ್ನುವುದನ್ನು ಬಿಟ್ಟು ಊಂ ಎನ್ನತೊಡಗಿತು, ಮಲಗಿ ಎದ್ದವರ ದನಿಯಲ್ಲಿ, ನೀರಿನ ಎಳೆಗಳು ಒಂದೊಂದಾಗಿ ಒಳಗೆ ಸರಿದು ಹನಿಯಾಗಿ, ನಿಂತೇಹೋಯಿತು. ಏನಾಯ್ತು ಅಕ್ಕ, ಎಂದಳು ಸೊಸೆ. ಏನಿಲ್ಲ ಏನಿಲ್ಲ, ಎನ್ನುತ್ತಲೇ ಇವಳು ಬೆಚ್ಚನೆಯ ಟವೆಲ್ಲನ್ನು ನೊರೆಯ ಮೇಲೇ ಸುತ್ತಿದಳು, ಅಜ್ಜಿಗೆ ಚಳಿಯಾಗಬಾರದು, ಕಣ್ಣಿಗೆ ಇಳಿಯಬಾರದು, ಹೆದರಬಾರದು, ಮುಖ್ಯವಾಗಿ ಹೆದರಬಾರದು. ಆದರೆ ಏನಾಯ್ತು ಹಾಗಾದರೆ, ಒಂದು ದಿನವೂ ಕೈಕೊಟ್ಟ ಬ್ಯಾಟರಿಯಲ್ಲ, ವ್ಯಾನಿಗೆ ಎರಡು ಬ್ಯಾಟರಿ, ಒಂದು ಇಂಜಿನ್ನಿಗೆ, ಇನ್ನೊಂದು ಪಂಪಿಗೆ, ಗಂಡನೇ ಕೂರಿಸಿಕೊಟ್ಟದ್ದು, ಅವನು ಲಿಫ್ಟ್ ರಿಪೇರಿಯವನು, ತಂತಿ ಅವನ ಕೈಗೆ ಸಾಕಿದ ಬೆಕ್ಕಿನ ಹಾಗೆ, ಮಾತು ಮಾತ್ರ ಹಲ್ಲು ಕಿತ್ತ ಹಾಗೆ ಕೀಳಬೇಕು, ಅಕ್ಕಪಕ್ಕದವರೆಲ್ಲ ಅವನಿಗೆ ಮೌನಸ್ವಾಮಿ ಎಂದೇ ಹೆಸರಿಟ್ಟಿದ್ದಾರೆ. ಅವತ್ತು ಸೀಟಿನ ಕೆಳಗೆ ತಲೆ ತೂರಿಸಿ ಮಲಗಿದ್ದವನು ಅಲ್ಲಿಂದಲೇ ಹೇಳಿದ್ದ, ನೋಡು, ಇಂಜಿನ್ ಓಡ್ತಿರೋವಾಗ ಎರಡೂ ಒಟ್ಟಿಗೆ ಕೂತು ಉಣ್ತವೆ, ಇಂಜಿನ್ ನಿಂತ್ರೆ ಒಂದರ ತಟ್ಟೆಗೆ ಇನ್ನೊಂದು ಕೈ ಹಾಕಲ್ಲ, ಪಂಪ್ ಎಷ್ಟು ತಿಂದ್ರೂ ನಿನ್ನ ಗಾಡಿ ಸ್ಟಾರ್ಟ್ ಆಗೇ ಆಗುತ್ತೆ, ಎಲ್ಲೂ ಬೀದಿಪಾಲಾಗಲ್ಲ ನೀನು. ಅವನ ಬಾಯಿಂದ ಅಷ್ಟುದ್ದ ಮಾತು ಬಂದದ್ದೇ ಅವತ್ತು. ಆಮೇಲೆ ಇವಳು ಮರೆತೇಬಿಟ್ಟಳು, ಓಡಿದರೆ ತುಂಬುತ್ತದೆ, ಓಡುತ್ತಿದ್ದೇನಲ್ಲ, ಈ ಬೀದಿಯಿಂದ ಆ ಬೀದಿಗೆ, ಆ ಬೀದಿಯಿಂದ ಆಸ್ಪತ್ರೆಯ ಹಿಂದಿನ ಗಲ್ಲಿಗೆ, ಗೆಳತಿಯರ ಮುಂದೆ ಜಂಬ ಬೇರೆ, ನನ್ನ ಬ್ಯಾಟರಿ ಗಟ್ಟಿಗಿತ್ತಿ ಕಣ್ರೇ, ನನ್ನ ಹಾಗೇ, ಒಂದು ದಿನ ಸುಸ್ತು ಅಂದಿಲ್ಲ.

ಕೈ ಒದ್ದೆ, ಸೊಸೆಯೇ ಫೋನು ಹಚ್ಚಿ ಇವಳ ಕಿವಿಗೆ ಹಿಡಿದಳು. ಅವನು ತಂಗಿಯ ಮನೆಗೆ ಹೋಗಿದ್ದಾನೆ, ನಿನ್ನೆ ಸಂಜೆಯೇ, ತಂಗಿ ಮನೆ ಬದಲಿಸುತ್ತಿದ್ದಾಳೆ, ಸಾಮಾನು ಎತ್ತಬೇಕು, ಹಿಂದೆ ಏನೋ ಎಳೆಯುವ ಸದ್ದು, ಹಲೋ ಎಂದ, ಪಂಪ್ ನಿಂತೋಯ್ತು ರೀ ಎಂದಳು, ಅಜ್ಜಿ ತಲೇಲಿ ನೊರೆ ಹಾಗೇ ಇದೆ. ಆ ಕಡೆ ಎಳೆಯುವ ಸದ್ದು ನಿಂತಿತು. ಅಯ್ಯೋ ಎಂದ. ಏನು ಅಯ್ಯೋ ಎಂದಳು. ಪ್ಲಗ್ ಹಾಕೋಕೆ ಹೇಳೋದು ಮರೆತೇಹೋಯ್ತು. ಯಾವ ಪ್ಲಗ್? ಅದೇ, ಗೋಡೆ ಹತ್ರ ಚಾರ್ಜರ್ ಇದೆಯಲ್ಲ. ಅದು ನಿಮ್ಮ ಡ್ರಿಲ್ಲಿಂದು ಅಲ್ವಾ? ಅಲ್ಲ, ಎಂದ, ನೀನು ಮಲಗಿದ ಮೇಲೆ ನಾನೇ ಹಾಕ್ತಿದ್ದೆ, ನೀನು ಓಡಿಸೋ ದೂರಕ್ಕೆ ಅದರ ಅರ್ಧ ಹೊಟ್ಟೆನೂ ತುಂಬಲ್ಲ. ದಿನಾನಾ? ಹೂಂ. ಮೊದಲಿಂದಾನಾ? ಹೂಂ, ಅದಿರಲಿ ಬಿಡು, ಈಗ ಹೇಳೋದು ಕೇಳು. ಎಲ್ಲಿ ಬಿಡುವುದು, ಅದು ಬಿಡುವ ಮಾತೇ, ದಿನವೂ ಎದ್ದು ಹೋಗುತ್ತಿದ್ದ, ಹೌದು ಎದ್ದು ಹೋಗುತ್ತಿದ್ದ, ಮಂಚ ಕಿರ್ ಎನ್ನುತ್ತಿತ್ತು, ನೀರು ಕುಡಿಯಲು ಎಂದುಕೊಂಡು ಇವಳು ಮಗ್ಗುಲಾಗುತ್ತಿದ್ದಳು, ಬೆಳಗ್ಗೆ ಕಾಫಿ ಕೊಡುವಾಗ ಒಂದು ದಿನವಾದರೂ, ಒಂದು ಮಾತಾದರೂ — ಕೇಳಿಸ್ತಿದ್ಯಾ, ಎನ್ನುತ್ತಿದ್ದಾನೆ ಅವನು, ಇಂಜಿನ್ ಸ್ಟಾರ್ಟ್ ಮಾಡಿ ಇಡು, ಆದ್ರೆ ಸುಮ್ನೆ ಬಿಟ್ರೆ ಸಾಲಲ್ಲ, ಯಾರಾದ್ರೂ ಆಕ್ಸಿಲರೇಟರ್ ಹದವಾಗಿ ತುಳಿದು ಹಿಡೀಬೇಕು, ಪಂಪ್ ನಡೆಯೋವರೆಗೂ, ಯಾರಿದ್ದಾರೆ ಅಲ್ಲಿ?

ಯಾರಿದ್ದಾರೆ, ಸೊಸೆಗೆ ಗಾಡಿ ಬರುವುದಿಲ್ಲ, ಫೋನು ಇನ್ನೂ ಕಿವಿಗೇ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಾಳೆ. ನಾನು ಕೂತ್ಕೋತೀನಿ, ಎಂದರು ಬಾಗಿಲ ಬಳಿಯ ಯಜಮಾನರು. ಮಾವ, ಬೇಡ, ನಿಮ್ಮ ಕಣ್ಣು ಸರಿಯಿಲ್ಲ, ನಿಮ್ಮ ಮಗನಿಗೆ ಗೊತ್ತಾದ್ರೆ ನನ್ನ ಬೈತಾರೆ. ಓಡಿಸಲ್ಲಮ್ಮ, ತುಳೀತೀನಿ ಅಷ್ಟೆ, ತುಳಿಯೋಕೆ ಕಣ್ಣು ಯಾಕೆ. ಊರ ಬಸ್ಸು ಓಡಿಸುತ್ತಿದ್ದವರಂತೆ, ನಿವೃತ್ತಿಯಾಗುವವರೆಗೂ, ಆಮೇಲೆ ಕಣ್ಣಿಗೆ ಪೊರೆ ಬಂದು ಮಗ ಸ್ಕೂಟರಿನ ಕೀಯನ್ನೂ ತೆಗೆದಿಟ್ಟನಂತೆ, ತೊಟ್ಟಿ ಊದಿಸುವಾಗ ಸೊಸೆ ಹೇಳಿದ್ದು, ಅದರ ಜೊತೆಗೇ ದನಿ ತಗ್ಗಿಸಿ ಇನ್ನೊಂದನ್ನೂ ಹೇಳಿದ್ದಳು, ಅತ್ತೆಗೆ ಈಗ ಮಾವ ಯಾರು ಅಂತ ಗೊತ್ತಾಗಲ್ಲ. ಅದನ್ನು ಇವಳು ಕಣ್ಣಾರೆ ಕಂಡಳಲ್ಲ, ತಲೆ ಒದ್ದೆ ಮಾಡುವ ಮೊದಲು ಅಜ್ಜಿ ಕುರ್ಚಿಯ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ನೀವಿನ್ನೂ ಮನೆಗೆ ಹೊರಡಲಿಲ್ವಾ, ಹೊತ್ತಾಯ್ತು, ನಮ್ಮನೆಯವರು ಬರೋ ಹೊತ್ತು ಎಂದಿದ್ದಳು, ಅವರೂ ಅಷ್ಟೇ ಮರ್ಯಾದೆಯಿಂದ, ಹೊರಡ್ತೀನಿ, ಇನ್ನೇನು ಹೊರಟೆ ಎಂದು ಅಲ್ಲೇ ಕೂತಿದ್ದರು, ದಿನಕ್ಕೆ ಎಷ್ಟು ಸಲ ಹಾಗೆ ಹೊರಡುತ್ತಾರೋ. ಕೀ ಕೊಟ್ಟಳು. ಹ್ಯಾಂಡ್‌ಬ್ರೇಕ್ ಹಾಕಿದೆ ಯಜಮಾನ್ರೇ, ಗೇರ್ ನ್ಯೂಟ್ರಲ್ ಇದೆಯಾ ನೋಡ್ಕೊಳ್ಳಿ. ನನಗೆ ಹೇಳ್ತೀಯಾ, ಎಂದರು, ಮುಖದಲ್ಲಿ ಮೊದಲ ಸಲ ಒಂದು ನಗು ಇಣುಕಿತು. ಹಾಸಿಗೆಯ ಪಕ್ಕ ಒಂದು ಗಳಿಗೆ ನಿಂತು, ನಾನು ಹೊರಟೆ, ಎಂದರು. ಅಜ್ಜಿ ಟವೆಲ್ಲಿನ ಒಳಗಿಂದ, ಹೋಗಿ ಬನ್ನಿ, ಮನೇಲಿ ಕೇಳ್ದೆ ಅಂತ ಹೇಳಿ, ಎಂದಳು. ಹೇಳ್ತೀನಿ, ಎಂದರು. ಸೊಸೆ ಕಿಟಕಿಯ ಕಡೆ ಮುಖ ಮಾಡಿ ನಿಂತಳು.

ಇಂಜಿನ್ ಒಮ್ಮೆ ಕೆಮ್ಮಿತು, ಹಿಡಿಯಿತು, ಗುರ್ ಎಂದು ಏರಿ, ಇಷ್ಟು ಬೇಡ ಎನ್ನುವಂತೆ ತಾನೇ ಇಳಿದು, ಒಂದು ಹದಕ್ಕೆ ಬಂದು ನಿಂತಿತು, ಹಾಲು ಉಕ್ಕುವ ಮೊದಲಿನ ಹದ, ಆಹಾ, ಇವಳು ಎಷ್ಟು ತುಳಿದರೂ ಆ ವ್ಯಾನು ಹೀಗೆ ಒಂದೇ ದನಿಯಲ್ಲಿ ಉಲಿದದ್ದಿಲ್ಲ, ಪಂಪು ಊಂ ಎಂದಿತು, ಜೂಂ ಎಂದಿತು, ಬಂತು, ನೀರು ಬಂತು, ಮಣಿಕಟ್ಟಿಗೆ ಬಿಟ್ಟುಕೊಂಡು ನೋಡಿದಳು, ಮನೆಯಲ್ಲಿ ಕಾಯಿಸಿ ತುಂಬಿಸಿದ ನೀರು, ಇನ್ನೂ ಬೆಚ್ಚಗಿದೆ, ಹಣೆಯ ಅಂಚಿಗೆ ಎಡಗೈ ಅಡ್ಡ ಹಿಡಿದು ಬಿಟ್ಟಳು, ನೊರೆ ಸರಿದು ಸರಿದು ಬಿಳಿಯ ಕೂದಲು ನೀರಿನಲ್ಲಿ ಬಿಚ್ಚಿಕೊಂಡಿತು, ಗಂಟು ತಾನಾಗಿ ಸಡಿಲವಾಗುತ್ತಿದೆ, ಬೆರಳು ಹಾಕಿದರೆ ದಾರಿ ಕೊಡುತ್ತಿದೆ. ಅಜ್ಜಿ ಕಣ್ಣು ತೆರೆದಳು. ಬಂದ್ರು, ಎಂದಳು. ಯಾರಮ್ಮ? ಇನ್ಯಾರು, ಇವರೇ, ತಿರುವಿನಲ್ಲಿದ್ದಾರೆ, ನಿನಗೆ ಕೇಳಿಸ್ತಿಲ್ವಾ? ಅಜ್ಜಿಯ ಮುಖ ಇಷ್ಟಗಲವಾಗಿದೆ, ಕೆನ್ನೆಯಲ್ಲಿ ಎಲ್ಲಿಂದಲೋ ಒಂದು ಕುಳಿ ಬಂದಿದೆ, ಬೇಗ ತೊಳಿಯೇ, ಒದ್ದೆ ತಲೇಲಿ ನಿಂತಿದ್ರೆ ಬೈತಾರೆ, ಶೀತ ಮಾಡ್ಕೋತೀಯಾ ಅಂತ, ಬೈದು ಆಮೇಲೆ ಅವರೇ ಒರೆಸ್ತಾರೆ, ಅವರು ಒರೆಸಿದ್ರೆ ತಲೇನೇ ಕಿತ್ತು ಬರುತ್ತೆ, ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಕೈಯೇ ಹಾಗೆ. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು, ನಗುವೋ ಅಳುವೋ, ಇಷ್ಟು ಮಾತಾಡಿ ಎಷ್ಟು ಕಾಲವಾಯ್ತು ಅಕ್ಕ, ಎಂದಳು. ಇವಳು ಬಾಚಣಿಗೆಗಾಗಿ ಶವರು ನಿಲ್ಲಿಸಿದಳು, ಹೊರಗೆ ಇಂಜಿನ್ನೂ ತಗ್ಗಿತು, ಶವರು ತೆರೆದಳು, ಏರಿತು, ಮತ್ತೆ ನಿಲ್ಲಿಸಿ ನೋಡಿದಳು, ತಗ್ಗಿತು, ಓಹೋ, ಅವರು ಪಂಪಿನ ದನಿ ಕೇಳಿಸಿಕೊಂಡೇ ತುಳಿಯುತ್ತಿದ್ದಾರೆ, ಗೋಡೆಯ ಆಚೆ ಕೂತು, ಇಲ್ಲಿ ಎಷ್ಟು ನೀರು ಬೇಕೋ ಅಲ್ಲಿಂದಲೇ ತಿಳಿದು. ಕತ್ತು ಚಾಚಿ ಕಿಟಕಿಯಿಂದ ಇಣುಕಿದಳು, ವ್ಯಾನಿನ ಬಾಗಿಲು ತೆರೆದೇ ಇದೆ, ಕೆಳಗೆ ರಸ್ತೆಯ ಮೇಲೆ ಚಪ್ಪಲಿ ಜೋಡಿಸಿ ಬಿಟ್ಟಿದ್ದಾರೆ, ಯಾರದೋ ಮನೆಯೊಳಗೆ ಹೋದವರಂತೆ, ಮೇಲೆ, ಪೆಡಲಿನ ಮೇಲೆ, ಬರಿಗಾಲು, ನರ ಉಬ್ಬಿದ, ಒಣಗಿದ, ಬೆಳ್ಳಗಿನ ಪಾದ.

ತೊಳೆದಾಯಿತು, ಒರೆಸಿಯಾಯಿತು, ಮೆತ್ತಗೆ, ತಲೆ ಕಿತ್ತು ಬರದ ಹಾಗೆ, ಒಂದು ಎಳೆಯೂ ಕತ್ತರಿಸದೆ ಬಾಚಿಯಾಯಿತು, ಕೂದಲನ್ನು ದಿಂಬಿನ ಮೇಲೆ ಬೀಸಣಿಗೆಯಂತೆ ಹರಡಿ ಒಣಗಲು ಬಿಟ್ಟಳು, ಅಜ್ಜಿ ಒಂದು ಎಳೆಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿ ಎದೆಯ ಮೇಲಿಟ್ಟುಕೊಂಡಳು, ಕಿವಿ ಇನ್ನೂ ಬೀದಿಯ ಕಡೆಗೇ ಇದೆ, ಸಿಗ್ನಲ್ ಬಿದ್ದಿರಬೇಕು, ಎಂದಳು, ಅದಕ್ಕೇ ನಿಂತಿದ್ದಾರೆ, ಈಗ ಬರ್ತಾರೆ. ಬರ್ತಾರಮ್ಮ, ಎಂದಳು ಇವಳು. ತೊಟ್ಟಿಯ ಗಾಳಿ ಬಿಟ್ಟು, ಪೈಪು ಸುತ್ತಿಕೊಂಡು ಹೊರಟಳು, ಮುಂದಿನ ಮನೆಯವರು ಕಾಯುತ್ತಿದ್ದಾರೆ, ಆ ಮೌನಸ್ವಾಮಿಗೆ ಒಂದು ಫೋನು ಮಾಡಬೇಕು, ಏನೆಂದು ಮಾಡುವುದು, ನೀರು ಬಂತು ಎಂದು ಮಾಡುವುದು, ಅವನು ಹೂಂ ಎನ್ನುತ್ತಾನೆ, ಇವಳಿಗೆ ಇನ್ನು ಆ ಹೂಂ ಸಾಕು, ಇಷ್ಟು ದಿನ ಆ ಹೂಂ ಒಳಗೆ ಏನೂ ಇಲ್ಲವೆಂದು ತಿಳಿದಿದ್ದಳು, ಮಗ್ಗುಲಾಗಿ ಮಲಗುತ್ತಿದ್ದಳು, ಸಾಕು ಯಜಮಾನ್ರೇ ಆಫ್ ಮಾಡಿ ಎನ್ನಬೇಕು ಈಗ, ಗೇಟು ದಾಟಿದಳು, ವ್ಯಾನಿನ ಬಳಿ ಬಂದಳು. ಅವರು ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ನೆಟ್ಟಗೆ ಕೂತಿದ್ದಾರೆ, ಎದುರಿನ ಗಾಜಿನಲ್ಲಿ ಒಂದು ಗೋಡೆ ಬಿಟ್ಟರೆ ಏನೂ ಇಲ್ಲ, ಆದರೂ ದಾರಿ ನೋಡುತ್ತಿದ್ದಾರೆ. ಆಯ್ತೇನಮ್ಮ? ಆಯ್ತು. ಚೆನ್ನಾಗಾಯ್ತಾ? ಒಂದು ಎಳೆನೂ ಕತ್ತರಿಸಿಲ್ಲ. ಹೆದರಲಿಲ್ಲ ತಾನೆ? ಇಲ್ಲ. ಏನಾದ್ರೂ ಅಂದ್ಲಾ? ನೀವು ಬರ್ತಿದ್ದೀರಂತೆ, ಎಂದಳು, ತಿರುವಿನಲ್ಲಿದ್ದೀರಂತೆ. ಅವರು ತಲೆಯಾಡಿಸಿದರು, ಒಮ್ಮೆ, ಇನ್ನೊಮ್ಮೆ, ಹೊರಗೆ ನೋಡುತ್ತಲೇ. ಆಫ್ ಮಾಡ್ಲಾ ಹಾಗಾದ್ರೆ, ಎಂದರು, ಕೈ ಕೀಯ ಕಡೆ ಹೋಯಿತು, ಹೋಗಿ ಅಲ್ಲೇ ನಿಂತಿತು. ಬೇಡ, ಎಂದಳು ಇವಳು, ಬೇಡ ಯಜಮಾನ್ರೇ, ಬ್ಯಾಟರಿ ಇನ್ನೂ ತುಂಬಿಲ್ಲ, ಇನ್ನೂ ಸ್ವಲ್ಪ ಹೊತ್ತು ಹೀಗೇ ಇರ್ಲಿ — ಮುಂದಿನ ಮನೆ, ಫೋನು, ಪೈಪಿನಿಂದ ಸೀರೆಗೆ ತೊಟ್ಟಿಕ್ಕುವ ನೀರು, ಎಲ್ಲ ಎಲ್ಲೋ ಸರಿದವು, ಕಣ್ಣು ಕೆಳಗಿಳಿದು ಅಲ್ಲೇ ಸಿಕ್ಕಿಕೊಂಡಿತು, ಪೆಡಲಿನ ಮೇಲೆ ಆ ಪಾದ, ಹೆಬ್ಬೆರಳು ಸಣ್ಣಗೆ ನಡುಗುತ್ತಿರುವ, ಒತ್ತಿಯೂ ಒತ್ತದಂತೆ, ಎತ್ತದೆ, ಆ ಬರಿಯ ಪಾದ, ಆ ಪಾದ.