ಯಲ್ಲಮ್ಮ ಬಿಚ್ಚಿದ ಬೀಡಿಗಳು

ಈ ಸಂಗತಿಯನ್ನು ಮೊದಲು ಹೇಳಿದವಳು ನಾಗಪುರದಲ್ಲಿ ಬೀಡಿ ಕಟ್ಟುವ ಕಾಶಿಬಾಯಿ. ೧೯೫೭ರ ಆಗಸ್ಟ್ ಹದಿನೇಳರ ಸಂಜೆ, ತನ್ನ ಮನೆಯ ಕಟ್ಟೆಯ ಮೇಲೆ. ತಮ್ಮ ತಮ್ಮ ಬೀಡಿ ಮೊರ ಮಡಿಲಲ್ಲಿಟ್ಟುಕೊಂಡು ಕೇಳಲು ಕುಳಿತಿದ್ದವರು ಏಳು ಮಂದಿ ಹೆಂಗಸರು. ಎಲ್ಲರೂ ವಿಜಾಪುರದ ಕಡೆಯವರು, ಕಾಶಿಬಾಯಿ ದುಡಿಯುವ ಕಾರಖಾನೆಯ ಸೇಠನದೇ ಇನ್ನೊಂದು ಕಾರಖಾನೆಗೆ ಬೀಡಿ ಕಟ್ಟುವವರು. ಅವಳು ಹೇಳಿದ ಕ್ರಮದಲ್ಲಿಯೇ ಬರೆದಿದ್ದೇನೆ.

“ಇದು ಬೀಡಿ ಏನಲೇ ರಂಡೆ, ಹೆಣಕ್ಕ ಸುತ್ತಿದ ಚಾಪಿ?”

ಕಾರಖಾನೆಯಲ್ಲಿ ಬೀಡಿ ತಪಾಸಣೆ ಮಾಡುವ ಗುರುಸಿದ್ದಪ್ಪ ಯಲ್ಲಮ್ಮನ ಮೊರದಿಂದ ಹಿಡಿಹಿಡಿಯಾಗಿ ಬೀಡಿ ತೆಗೆದು ಪಕ್ಕದ ಡಬ್ಬಕ್ಕೆ ಎಸೆಯುತ್ತಿದ್ದ. ಹಾಗೆ ತೆಗೆದದ್ದಕ್ಕೆ ಛಾಟ್ ಎನ್ನುತ್ತಾರೆ. ಛಾಟಿಗೆ ಕೂಲಿಯಿಲ್ಲ. ಆದರೆ ಆ ಬೀಡಿ ಕಸಕ್ಕೂ ಹೋಗುವುದಿಲ್ಲ. ಸಂಜೆ ಉಳಿದವುಗಳಂತೆಯೇ ಚೀಟಿ ಅಂಟಿಸಿಕೊಂಡು ಪೇಟೆಗೆ ಹೋಗುತ್ತದೆ. ಇದು ಎಲ್ಲ ಹೆಂಗಸರಿಗೂ ಗೊತ್ತು. ಬಾಯಿಬಿಟ್ಟವಳಿಗೆ ಮರುದಿನ ಸುತ್ತಲು ಎಲೆ ಸಿಗುವುದಿಲ್ಲವೆಂಬುದೂ ಗೊತ್ತು. ಯಲ್ಲಮ್ಮ ಗಂಡ ಸತ್ತವಳು. ಅವಳ ಮನೆಯಲ್ಲಿ ಉಣ್ಣುವವರು ಮೂವರು, ದುಡಿಯುವವಳು ಅವಳೊಬ್ಬಳೇ.

ಅಂದು ಆಗಸ್ಟ್ ಹದಿನೈದು, ಸ್ವಾತಂತ್ರ್ಯದ ದಿನ. ಕಾರಖಾನೆಗೆ ರಜೆ ಇರಲಿಲ್ಲ. ಧ್ವಜ ಏರಿಸಲು ಸೇಠ್ ಕರೆಸಿದ್ದ ವ್ಯಾಸರಾಜರು ನಾಗಪುರದ ರಾಮದಾಸಪೇಠ ಬಡಾವಣೆಯಲ್ಲಿದ್ದವರು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವರು. ಅವರ ಊರು ಧಾರವಾಡ, ಹೆಂಗಸರೂ ಕನ್ನಡದವರು, ಹಾಗಾಗಿ ಕನ್ನಡದಲ್ಲಿಯೇ ಮಾತಾಡಿದರು.

“ದೇಶದ ಸಂಪತ್ತು ಬಂಗಾರದಾಗಿಲ್ಲವ್ವಾ, ನಿಮ್ಮ ದುಡಿಮಿಯೊಳಗದ. ಬರೇ ಎಲಿಗೆ ಏನು ಕಿಮ್ಮತ್ತು? ನೀವು ಸುತ್ತಿದ ಮ್ಯಾಲೆ ಅದಕ್ಕ ಬೆಲಿ ಬಂತು. ನಿಮ್ಮ ದುಡಿಮಿ ನಿಮ್ಮ ಸ್ವಂತದ್ದು. ನೀವೀಗ ಸ್ವತಂತ್ರರು, ಬೇಕಾದವರಿಗೆ ಕೊಡಬಹುದು, ಬ್ಯಾಡಂದ್ರ ಬಿಡಬಹುದು.”

ಯಲ್ಲಮ್ಮ ಎದ್ದು ನಿಂತಳು. “ಸಾಹೇಬ್ರ, ಈ ಮಾತು ಖರೇನ್ರಿ?”

“ಖರೇನವಾ. ಪುಸ್ತಕದಾಗ ಬರದದ.”

“ಎಲಿ ಸೇಠಂದು. ತಂಬಾಕೂ ಸೇಠಂದ. ಸುತ್ತಿದ್ದು ನಂದು. ಬರೋಬರ್?”

“ಬರೋಬರ್!” ವ್ಯಾಸರಾಜರು ಮೆಚ್ಚಿ ನಕ್ಕರು.

ಅವಳು ಛಾಟಿನ ಡಬ್ಬವನ್ನು ನೆಲಕ್ಕೆ ಬೋರಲು ಹಾಕಿ ಅದರ ಮುಂದೆ ಕುಳಿತಳು. ಒಂದು ಬೀಡಿ ಎತ್ತಿ, ಉಗುರಿನಿಂದ ದಾರ ಹರಿದು, ಸುತ್ತು ಬಿಚ್ಚಿದಳು. ಎಲೆ ಒಂದು ಕಡೆ, ತಂಬಾಕು ಒಂದು ಕಡೆ.

“ಏ ಬೋಸುಡಿ, ಏನ್ ಮಾಡಾಕತ್ತಿ?” ಗುರುಸಿದ್ದಪ್ಪ ಒದರಿದ.

“ನಿನ್ನ ಸೇಠನ ಎಲಿ ಅಲ್ಲೈತಿ, ತಂಬಾಕ ಇಲ್ಲೈತಿ. ತೂಕ ಮಾಡ್ಕೋ. ನಾ ಸುತ್ತಿದ್ದಕ್ಕ ಕೂಲಿ ಇಲ್ಲಂದಿ, ಅದನ್ನಷ್ಟ ವಾಪಸ್ ಒಯ್ಯಾಕತ್ತೀನಿ.”

“ನಾಳೆ ಎಲಿ ಹ್ಯಾಂಗ್ ಒಯ್ತಿ ನೋಡ್ತೀನಿ!”

“ನಿನ್ನ ಮೀಸಿ ಸುತ್ತಿ ಸೇದಲಿ ನಿಮ್ಮ ಸೇಠ.”

ಸೇಠ್ ಪ್ರಾಧ್ಯಾಪಕರ ಮುಖ ನೋಡಿದ. ಅವರು ಮೆಟ್ಟಿಲಿಳಿದು ಬಂದರು. “ತಂಗಿ, ಪುಸ್ತಕದ ಅರ್ಥ ಹಂಗಲ್ಲ.”

“ಮತ್ತ ಹೆಂಗ್ರಿ? ಹೇಳ್ರಿ, ಕೇಳ್ತೀನಿ.” ಅವಳ ಉಗುರು ನಿಲ್ಲಲಿಲ್ಲ.

ವ್ಯಾಸರಾಜರು ಕೊಡೆ ತೆಗೆದುಕೊಂಡು ಟಾಂಗಾ ಹತ್ತಿದರು. ಅಷ್ಟರಲ್ಲಿ ಕಾಶಿಬಾಯಿ ಯಲ್ಲಮ್ಮನ ಎದುರಿಗೆ ಕುಳಿತು ತನ್ನ ಛಾಟ್ ಬಿಚ್ಚತೊಡಗಿದ್ದಳು. ಆಮೇಲೆ ಇನ್ನಿಬ್ಬರು ಬಂದರು. ಮಧ್ಯಾಹ್ನದ ಹೊತ್ತಿಗೆ ಧ್ವಜದ ಕೆಳಗೆ ಎರಡು ಗುಡ್ಡೆ ಎದ್ದಿದ್ದವು.

ಇಷ್ಟಕ್ಕೆ ಕಾಶಿಬಾಯಿ ಕಥೆ ಮುಗಿಸಿದಳು.

“ಮರುದಿನ ನಿಮಗ ಎಲಿ ಕೊಟ್ರೇನಬೇ?” ಕೇಳುತ್ತಿದ್ದ ಏಳು ಮಂದಿಯಲ್ಲೊಬ್ಬಳು, ಮಹಾದೇವಮ್ಮ, ಕೇಳಿದಳು.

“ಇಲ್ಲ. ಇವತ್ತೂ ಕೊಟ್ಟಿಲ್ಲ. ನಾವು ನಾಕ ಮಂದಿ ಇದ್ವಿ. ನೀವು ಏಳು ಮಂದಿ ಅದೀರಿ. ನಾಳೆ ನಿಮ್ಮಲ್ಲೂ ಛಾಟ್ ತೆಗೀತಾರಲ್ಲ?”

ಹೆಂಗಸರು ಸೆರಗು ಕೊಡವಿಕೊಂಡು ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಮನೆಗಳಿಗೆ ನಡೆದರು. ಮಹಾದೇವಮ್ಮ ಮಾತ್ರ ಕಟ್ಟೆಯಿಳಿಯುವ ಮುನ್ನ ನಿಂತು, ತನ್ನ ಮೊರದ ಒಂದು ಬೀಡಿಯ ದಾರವನ್ನು ಉಗುರಿನಿಂದ ಹರಿದು ನೋಡಿ, ಹೊರಟಳು.